ನಮ್ಮ ಹದ್ದುಬಸ್ತು ಸಾರ್

ಸತ್ತವರ ಬಗ್ಗೆ ಸುಳ್ಳು ಹೇಳುವುದಕ್ಕೆ ನಮ್ಮ ಕಂಪನಿಯವರು ಮೈಕ್ ತರಿಸಿದ್ದರು. ರಾಮನಗರದ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಶೆಡ್ಡು ನಮ್ಮದು. ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ಕಂಟ್ರೋಲ್ ಡಬ್ಬ ಮಾಡುವ ಕಂಪನಿ. ಡಬ್ಬಗಳನ್ನು ಜೋಡಿಸುವ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಕುರ್ಚಿ ಹಾಕಿ, ಫೋಟೋಗೆ ಹಾರ ಹಾಕಿದ್ದರು. ಮಾಲೀಕರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಎಲ್ಲರ ಜೊತೆ ಹೊಂದ್ಕೊಂಡು ಹೋಗೋ ಸ್ವಭಾವ ಅವರದು. ಒಂದು ದಿನ ಒಬ್ಬರಿಗೆ ಎದುರು ಮಾತಾಡಿದವರಲ್ಲ. ಕೊನೇವರೆಗೂ ನಮ್ಮ ಯಂತ್ರದ ಮೇಲೆ ಅವರಿಗೆ ನಂಬಿಕೆ ಇತ್ತು."

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಪಕ್ಕದಲ್ಲಿದ್ದ ಅಕೌಂಟ್ಸ್ ಹುಡುಗಿ ತೊಡೆ ಚಿವುಟಿದಳು. ಅಯ್ಯೋ, ಹೊಂದಿಕೊಂಡು ಹೋಗುವುದಂತೆ! ಆ ಮನುಷ್ಯ ತಮ್ಮ ಚಪ್ಪಲಿಯ ಜೊತೆಗೂ ಹೊಂದಿಕೊಂಡವರಲ್ಲ, ಬಿಡುವಾಗ ಒಂದು ಸಲ ಬೈದೇ ಬಿಡುತ್ತಿದ್ದರು. ಎದುರು ಮಾತಾಡಿದವರಲ್ಲವಂತೆ! ಎದುರು ಮಾತಾಡಿದ್ದಕ್ಕೇ ತಾನೆ ನೀವು ಅವರನ್ನು ಹೊರಗೆ ಹಾಕಿದ್ದು? ಯಾರು ಹೊರಗೆ ಹಾಕಿದರೋ ಅವರೇ ಹಾರ ಹಾಕುತ್ತಿದ್ದಾರೆ, ನಾವು ಎರಡು ನಿಮಿಷ ಎದ್ದು ನಿಂತು ಮೌನ ಮಾಡಬೇಕು. ನನ್ನ ಮೈಯೆಲ್ಲ ಉರಿಯಿತು. ಆ ಉರಿ ಇನ್ನೂ ಆರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಫೋಟೋದ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರಲ್ಲ, ಅವರೇ ಇಟ್ಟುಕೊಳ್ಳಲಿ. ನಮಗೆ ಅವರು ಹದ್ದುಬಸ್ತು ಸಾರ್. ಎದುರಿಗೆ ಬರೀ ಸಾರ್, ಬೆನ್ನ ಹಿಂದೆ ಹದ್ದುಬಸ್ತು ಸಾರ್. ಅವರಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆ ಹೆಸರು ಯಾಕೆ ಬಂತೆಂದರೆ, ನಾನು ಸೇರಿದ ಮೊದಲ ವಾರದ ಮಾತು ಹೇಳಬೇಕು. ನಾನು ಮಾಗಡಿಯವಳು, ಅಪ್ಪನಿಗೆ ಗೊಬ್ಬರದ ಅಂಗಡಿ, ಊರಾಚೆ ಸ್ವಲ್ಪ ಜಮೀನು. ಕಂಪ್ಯೂಟರ್ ಓದಿಕೊಂಡು, ನನಗೆ ಎಲ್ಲ ಗೊತ್ತು ಎನ್ನುವ ಮುಖ ಹೊತ್ತು ಬಂದಿದ್ದೆ. ಸಾರ್ ಮೇಜಿನ ಮೇಲೆ ಒಂದು ಡಬ್ಬ ಬಿಚ್ಚಿಟ್ಟು, ಬೆರಳ ಗಿಣ್ಣಿನಿಂದ ಅದನ್ನು ಕುಟ್ಟಿದರು.

"ಇದಕ್ಕೆ ಕರೆಂಟ್ ಬಂದ ತಕ್ಷಣ ಮೊದಲು ಏಳೋದ್ಯಾರು?"

"ಬೂಟ್ ಲೋಡರ್ ಸಾರ್. ಅದು ಎದ್ದು ಕರ್ನೆಲ್‌ನ ಎಬ್ಬಿಸುತ್ತೆ. ಕರ್ನೆಲ್ ಎದ್ದ ಮೇಲೆ ಮಿಕ್ಕ ಪ್ರೋಗ್ರಾಮ್‌ಗಳೆಲ್ಲ ಅದರ ಕೈಕೆಳಗೆ."

"ಎಬ್ಬಿಸ್ದಾಗ ಏನ್ ಕೊಡ್ತದೆ ಕೈಗೆ?"

"ಮೆಮೊರಿ ಪಟ್ಟಿ ಸಾರ್. ಇಲ್ಲಿಂದ ಇಲ್ಲೀವರೆಗೆ ಮೆಮೊರಿ ಇದೆ, ಇಷ್ಟು ಬಳಸಬಹುದು, ಇಷ್ಟು ಮುಟ್ಟಬಾರದು ಅಂತ."

"ಆ ಪಟ್ಟೀನ ಕರ್ನೆಲ್ ನಂಬ್‌ಬೇಕಾ?"

"ನಂಬಬೇಕಲ್ವಾ ಸಾರ್. ನಂಬದೆ ಇನ್ನೇನು ಮಾಡುತ್ತೆ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮಪ್ಪಂಗೆ ಜಮೀನೈತಾ?"

"ಇದೆ ಸಾರ್."

"ಪಹಣೀಲಿ ಬರದವ್ರೆ ಅಂತ ಬೇಲಿ ಹಾಕವ್ರಾ, ಇಲ್ಲ ಹದ್ದುಬಸ್ತು ಮಾಡ್ಸಿ ಹಾಕವ್ರಾ?"

ಸರ್ವೆಯವರನ್ನು ಕರೆಸಿ, ಅಕ್ಕಪಕ್ಕದವರನ್ನು ನಿಲ್ಲಿಸಿ, ಚೈನು ಎಳೆಸಿ, ಗಡಿಗೆ ಕಲ್ಲು ನೆಡಿಸಿದ ದಿನ ನನಗೆ ನೆನಪಿತ್ತು. "ಹದ್ದುಬಸ್ತು ಮಾಡಿಸಿಯೇ ಸಾರ್."

"ಮತ್ತೆ? ನಿಮ್ಮಪ್ಪಂಗಿರೋ ಬುದ್ಧಿ ಕರ್ನೆಲ್‌ಗೆ ಬ್ಯಾಡ್ವಾ?"

ಸಾರ್ ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಕಡೆಯವರು, ಬೇಸಾಯದ ಮನೆ. ಅವರ ಜಮೀನು ಹಳ್ಳದ ದಡದಲ್ಲಿತ್ತು. ಹಳ್ಳ ವರ್ಷವರ್ಷವೂ ಒಂದಿಷ್ಟು ದಡ ಕಚ್ಚಿಕೊಂಡು ಹೋಗುತ್ತಿತ್ತು, ಪಹಣಿಯಲ್ಲಿ ಮಾತ್ರ ತಾತನ ಕಾಲದ ಅಳತೆಯೇ ಇತ್ತು. ಅವರಪ್ಪ, ಚಿಕ್ಕಪ್ಪ ಭಾಗ ಮಾಡಿಕೊಂಡಾಗ ಇಬ್ಬರೂ ಕಾಗದ ನಂಬಿದರು. ನೆಲದಲ್ಲಿ ಇಬ್ಬರ ಭಾಗವೂ ಒಂದರ ಮೇಲೊಂದು ಬಂತು. ಅಲ್ಲಿಂದ ಅಣ್ಣತಮ್ಮಂದಿರು ಮಾತು ಬಿಟ್ಟವರು ಸಾಯುವ ತನಕ ಆಡಲಿಲ್ಲ. "ಅವ್ರಿಬ್ರೂ ಕೆಟ್ಟೋರಲ್ಲ ಕಣಮ್ಮ," ಎಂದು ಒಂದು ಸಲ ಹೇಳಿದ್ದರು. "ಬರದಿದ್ದುನ್ನ ನಂಬುದ್ರು, ಅಷ್ಟೇಯ."

ಹಾಗಾಗಿ ಅವರು ಬರೆದ ಕರ್ನೆಲ್ ಯಾರನ್ನೂ ನಂಬುತ್ತಿರಲಿಲ್ಲ. ಕರೆಂಟ್ ಬಂದು ಡಬ್ಬ ಎದ್ದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮುಂಚೆ, ಕೊಟ್ಟ ಪಟ್ಟಿಯನ್ನು ಒಂದೊಂದು ತುಂಡಾಗಿ ಪರೀಕ್ಷೆ ಮಾಡುತ್ತಿತ್ತು. ಯಾವುದಾದರೂ ತುಂಡಿನ ಕೊನೆ ಅದರ ಮೊದಲಿಗಿಂತ ಹಿಂದೆ ಇದೆಯೇ? ಎರಡು ತುಂಡು ಒಂದರ ಮೇಲೊಂದು ಹತ್ತಿವೆಯೇ? ಇದೆ ಎಂದು ಬರೆದ ಜಾಗ ನಿಜವಾಗಿ ಇದೆಯೇ? ಇದಕ್ಕೆ ಪ್ರತಿ ತುಂಡಿನ ಎರಡೂ ತುದಿಯಲ್ಲಿ ಏನಾದರೂ ಬರೆದು, ಮತ್ತೆ ಓದಿ, ಬರೆದದ್ದೇ ವಾಪಸ್ ಬಂತೇ ಎಂದು ನೋಡುವುದು. ಎಲ್ಲ ಸರಿ ಇದ್ದರೆ ಮಾತ್ರ ಮುಂದಿನ ಕೆಲಸ. ಒಂದು ತಪ್ಪಿದರೂ ಡಬ್ಬ ಕೆಂಪು ದೀಪ ಹೊತ್ತಿಸಿಕೊಂಡು ನಿಂತುಬಿಡಬೇಕು, ಮೋಟಾರಿಗೆ ಒಂದು ಚೂರೂ ಕರೆಂಟ್ ಬಿಡಕೂಡದು. ಈ ತಪಾಸಣೆಗೆ ಕೋಡಿನಲ್ಲಿ ಅವರಿಟ್ಟ ಹೆಸರೇ ಹದ್ದುಬಸ್ತು. ಒಂದರ ಮೇಲೊಂದು ಬಿದ್ದ ತುಂಡಿಗೆ ಒತ್ತುವರಿ. ಬಳಸುವ ಜಾಗಕ್ಕೆ ಸಾಗುವಳಿ. ಮುಟ್ಟಬಾರದ ಜಾಗಕ್ಕೆ ಬಿ ಖರಾಬು. ಹಳ್ಳ, ದಾರಿ, ಗುಂಡುತೋಪು ಅಂತ ಸರ್ವೆಯಲ್ಲಿ ಬಿಟ್ಟಿರುತ್ತಾರಲ್ಲ, ಸಾರ್ವಜನಿಕರಿಗೆ ಸೇರಿದ್ದು, ನೇಗಿಲು ಹಾಕಬಾರದ್ದು, ಅದು.

ಮುಟ್ಟಬಾರದ ಜಾಗ ಯಾಕಿರುತ್ತದೆ ಎಂದರೆ, ನಮ್ಮ ಡಬ್ಬದಲ್ಲಿ ಎಳೆ ನೋಡುವ ಕಾರ್ಡ್ ಒಂದಿತ್ತು. ನೂಲಿನ ಎಳೆ ದಪ್ಪವಾಯಿತೇ, ತುಂಡಾಯಿತೇ ಎಂದು ಗಮನಿಸಿ ಆ ಲೆಕ್ಕವನ್ನು ಅದು ನೇರವಾಗಿ ಮೆಮೊರಿಗೇ ಬರೆಯುತ್ತಿತ್ತು, ಕರ್ನೆಲ್ಲನ್ನು ಕೇಳುತ್ತಿರಲಿಲ್ಲ. ಅದಕ್ಕೆಂದು ಬಿಟ್ಟ ಜಾಗದಲ್ಲಿ ಬೇರೆ ಏನನ್ನೂ ಇಡುವ ಹಾಗಿಲ್ಲ. ಇಟ್ಟರೆ ಅದರ ಮೇಲೆ ಅದು ಬರೆದುಬಿಡುತ್ತದೆ, ಅಷ್ಟೇ. ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಪದವಿಯೂ ಬೇಡ.

ಸಾರ್ ಬಹಳ ಒಳ್ಳೆಯವರು ಎಂದು ನಾನು ಹೇಳಲಾರೆ. ಅವರ ಬಾಯಿ ಕೆಟ್ಟದ್ದು. ಮಧ್ಯಾಹ್ನ ಮುದ್ದೆ ಡಬ್ಬಿ ಬಿಚ್ಚಿಕೊಂಡು ಒಬ್ಬರೇ ಕಿಟಕಿಗೆ ಮುಖ ಹಾಕಿ ಕೂರುತ್ತಿದ್ದರು, ಯಾರಾದರೂ ಸಾರು ಒಸಿ ಹಾಕ್ಲಾ ಅಂದರೆ "ನಂದು ನಂಗೈತೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ನಾವು ಬರೆದ ಕೋಡನ್ನು ಎಲ್ಲರ ಎದುರಿಗೇ ಓದಿ, ತಪ್ಪು ಸಿಕ್ಕಿದ ಕೂಡಲೇ ಹೆಗಲ ಮೇಲಿನ ಕರ್ಚೀಫು ತೆಗೆದು ಮೇಜಿಗೆ ಬಡಿಯುತ್ತಿದ್ದರು. ಒಂದು ದಿನ ನನ್ನ ಕೋಡಿಗೂ ಹಾಗೇ ಬಡಿದರು. ತಪ್ಪು ನನ್ನದಲ್ಲ, ಅವರೇ ಸಾಲು ಬಿಟ್ಟು ಓದಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತು "ಸಾರ್, ಮೊದಲು ಕನ್ನಡಕ ಒರೆಸಿಕೊಳ್ಳಿ, ಆಮೇಲೆ ಬಡೀರಿ" ಅಂದುಬಿಟ್ಟೆ. ಅವರು ನಿಜವಾಗಿಯೂ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಸರಿಯಾಗೈತೆ," ಎಂದರು. ಆಮೇಲೆ ಹೋಗುವಾಗ ನನ್ನ ಪಕ್ಕ ನಿಂತು, "ಜಗಳ ಆಡಕ್ಕೆ ಬತ್ತದೆ ನಿಂಗೆ. ಕೆಲಸಾನೂ ಕಲ್ತ್ಕತೀಯ ಬುಡು," ಎಂದರು. ಅವರ ಬಾಯಿಂದ ನಾನು ಪಡೆದ ಹೊಗಳಿಕೆ ಅದೊಂದೇ. ಹಾಳಾದ್ದು, ಅದನ್ನೇ ಇವತ್ತಿಗೂ ನೆನೆಸಿಕೊಳ್ಳುತ್ತೇನೆ.

ಕೆಂಪು ದೀಪ ಮಾಲೀಕರಿಗೆ ಮೊದಲಿನಿಂದಲೂ ಕಣ್ಣಿಗೆ ಬಿದ್ದ ಕಸ. ಒಂದು ಸಲ ಎಲ್ಲಿಂದಲೋ ಕಳಪೆ ಮೆಮೊರಿ ಚಿಪ್ ತರಿಸಿದ್ದರು. ಹೇಳಿದ್ದಕ್ಕೂ ಇದ್ದದ್ದಕ್ಕೂ ತಾಳೆಯಿಲ್ಲ. ಆ ಡಬ್ಬಗಳು ಚನ್ನಪಟ್ಟಣದಲ್ಲಿ ನೂಲು ತೆಗೆಯುವ ಒಂದು ರೀಲಿಂಗ್ ಘಟಕಕ್ಕೆ ಹೋದವು, ಕರೆಂಟ್ ಹೋಗಿ ಬಂದ ಮೇಲೆ ಕೆಲವು ಕೆಂಪು ದೀಪ ಹಾಕಿಕೊಂಡು ಕೂತವು. ಫೋನಿನ ಮೇಲೆ ಫೋನು. ಸಾರ್ ಬಸ್ಸಿನಲ್ಲಿ ಬೇರೆ ಡಬ್ಬ ಹೊತ್ತುಕೊಂಡು ಹೊರಟರು, ಜೊತೆಗೆ ನಾನು.

ಆ ಘಟಕದಲ್ಲಿ ಬಿಸಿನೀರಿನ ತೊಟ್ಟಿಗಳ ಮುಂದೆ ಸಾಲಾಗಿ ಹೆಂಗಸರು. ಒಳಗೆಲ್ಲ ಬೇಯುವ ರೇಷ್ಮೆ ಗೂಡಿನ ವಾಸನೆ. ಅಲ್ಲಿ ಜಯಮ್ಮ ಎಂಬಾಕೆ ಎಲ್ಲರಿಗಿಂತ ಹಳಬಳು, ನಲವತ್ತು ದಾಟಿದ ಗಟ್ಟಿ ಹೆಂಗಸು. ಸಾರ್‌ಗೆ ಟೀ ಕೊಟ್ಟು, "ಏನ್ ಸಾ, ನಿಮ್ ಡಬ್ಬ ಹೊಸಾ ಸೊಸೆ ಥರ ಮುನಿಸ್ಕಂಡು ಕೂತೈತೆ," ಎಂದಳು.

"ಮುನಿಸ್ಕಂಡ್ರೆ ಒಳ್ಳೇದು ಕಣ್ ತಾಯಿ," ಎಂದರು ಸಾರ್. "ಒಳಗೆ ಕೆಟ್ಟಿದ್ರೂ ನಕ್ಕಂಡು ಓಡಾಡ್ತದಲ್ಲ, ಆ ಡಬ್ಬಕ್ಕೆ ಹೆದರ್ಕಬೇಕು."

ರಾಟೆಗೆ ಎಳೆ ಸುತ್ತಿಕೊಂಡರೆ ಹೆಂಗಸರು ಸ್ಟಾಪ್ ಒತ್ತಿ, ಪರದೆಯಲ್ಲಿ 'ನಿಂತಿದೆ' ಎಂದು ಬಂದ ಮೇಲೆ ಕೈ ಹಾಕಿ ಬಿಡಿಸಬೇಕು. ಸಾರ್ ಅವತ್ತು ಅಲ್ಲಿದ್ದ ಎಲ್ಲರಿಗೂ ಅದನ್ನು ಮಾಡಿ ತೋರಿಸಿದರು. ಜಯಮ್ಮ ಎರಡೆರಡು ಸಲ ಮಾಡಿ ನೋಡಿದಳು. ಆಕೆಯ ಕೈ ಬಿಸಿನೀರಿನಲ್ಲಿ ನೆನೆದು ನೆನೆದು ಬೆಳ್ಳಗಾಗಿತ್ತು, ಆದರೂ ಕಣ್ಣಿಗೆ ಕಾಣದಂಥ ಎಳೆಯನ್ನು ಸರಕ್ಕನೆ ಹಿಡಿಯುತ್ತಿತ್ತು.

ಇಷ್ಟಾದ ಮೇಲೆ ಬಂತು ಹೊಸ ಪರದೆಯ ಹುಚ್ಚು. ದೊಡ್ಡ ಪರದೆ, ಬಣ್ಣಬಣ್ಣದ ಗ್ರಾಫು, ಘಟಕದ ಮಾಲೀಕನ ಮೊಬೈಲಿನಲ್ಲಿ ಯಂತ್ರ ಓಡುವುದು ಕಾಣಬೇಕು. ಒಂದು ಪ್ರದರ್ಶನಕ್ಕೆ ಇದೆಲ್ಲ ತಯಾರಾಗಬೇಕಿತ್ತು. ಡಬ್ಬದಲ್ಲಿ ಮೆಮೊರಿ ಸಾಲಲಿಲ್ಲ. ನಮ್ಮ ಮ್ಯಾನೇಜರ್ ಎಂಬ ಪುಣ್ಯಾತ್ಮ ಮೀಟಿಂಗಿನಲ್ಲಿ, "ಆ ಎಳೆ ಕಾರ್ಡಿಗೆ ಅಂತ ಅಷ್ಟು ಜಾಗ ಖಾಲಿ ಬಿಟ್ಟಿದೀರಲ್ಲ ಸಾರ್, ಅರ್ಧ ತಗೊಂಡು ಬಗರ್ ಹುಕುಂ ಸಕ್ರಮ ಮಾಡ್ಬಿಡಿ," ಎಂದ. ಸರ್ಕಾರಿ ಜಮೀನು ಉತ್ತವರು ಅರ್ಜಿ ಹಾಕಿ ತಮ್ಮದು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಸಾರ್ ಅವರ ಮಾತನ್ನೇ ಅವರಿಗೆ ತಿರುಗಿಸಿದೆ ಎಂದು ಅವನಿಗೆ ಹೆಮ್ಮೆ. ಎಲ್ಲರೂ ಗೊಳ್ಳೆಂದು ನಕ್ಕರು.

ಸಾರ್ ನಗಲಿಲ್ಲ. "ಲೇ, ಅದು ಖಾಲಿ ಬಿದ್ದಿಲ್ಲ ಕಣ್ಲಾ. ನಿನ್ ಕಣ್ಗೆ ಖಾಲಿ. ಹಳ್ಳದಲ್ಲಿ ನೀರಿಲ್ಲ ಅಂತ ಮನೆ ಕಟ್ಟೀಯಾ?"

"ಯಾವಾಗ್ಲೂ ಪೂರ್ತಿ ಬರೆಯಲ್ಲ ಸಾರ್ ಆ ಕಾರ್ಡು. ನಾನು ನೋಡಿದೀನಿ, ಅರ್ಧಕ್ಕೇ ನಿಲ್ಲುತ್ತೆ."

"ನಿಂತಿದ್ದು ನೋಡಿದೀಯ. ಹರಿದಿದ್ದು ನೋಡಿಲ್ಲ."

"ಪಟ್ಟಿ ತಿದ್ದಿದರೆ ನಿಮ್ಮ ಹದ್ದುಬಸ್ತು ಕೆಂಪು ದೀಪ ಹಾಕುತ್ತೆ. ಅದನ್ನೂ ತೆಗೀಬೇಕಾಗುತ್ತೆ."

"ನನ್ನೂ ತೆಗೆದಾಕ್ಬುಡಿ," ಎಂದು ಕರ್ಚೀಫು ಬಡಿದು ಎದ್ದು ಹೋದರು.

ಅಲ್ಲಿಗೆ ನಿಲ್ಲಬೇಕಿತ್ತು. ಅವರು ಅಲ್ಲಿಗೇ ಹಠ ಹಿಡಿದು ನಿಂತಿದ್ದರೆ ನಾನು ಇವತ್ತು ಬೇರೆಯೇ ವ್ಯಕ್ತಿಚಿತ್ರ ಬರೆಯುತ್ತಿದ್ದೆ. ಮುಂದಿನ ಭಾನುವಾರ ಮಾಲೀಕರು ಕನಕಪುರದ ಅವರ ಮನೆಗೆ ಹೋದರು. ಇಬ್ಬರೂ ಒಂದೇ ಕುಲದವರು, ಸಾರ್ ಹೆಂಡತಿಯ ಕಡೆಯಿಂದ ದೂರದ ನಂಟು ಬೇರೆ. ನೆಲದ ಮೇಲೆ ಎಲೆ ಹಾಕಿಸಿಕೊಂಡು ಕೂತು, ಮುದ್ದೆ, ಉಪ್ಸಾರು ಉಂಡು, ಕೈ ತೊಳೆದ ಮೇಲೆ ಮಾತು ತೆಗೆದರಂತೆ. ಪ್ರದರ್ಶನಕ್ಕೆ ಇಡುವ ಡಬ್ಬಗಳಿಗೆ ಮಾತ್ರ ತಪಾಸಣೆ ತೆಗೆಯೋಣ, ಅವು ಘಟಕಗಳಿಗೆ ಹೋಗುವುದಿಲ್ಲ, ಅದು ಮುಗಿದ ಮಾರನೇ ದಿನ ವಾಪಸ್ ಹಾಕೋಣ, ನನ್ನ ಮಕ್ಕಳಾಣೆಗೂ ಇದು ಸತ್ಯ. ಸಾರ್ ಒಪ್ಪಿಕೊಂಡು ಬಂದರು. ನಾನು ನೇರವಾಗಿ ಕೇಳಿದೆ. "ಬರೆಸಿಕೊಂಡ್ರಾ ಸಾರ್?"

ಅವರಿಗೆ ನನ್ನ ಪ್ರಶ್ನೆ ಅಸಹ್ಯವಾಯಿತು. ಮುಖದಲ್ಲೇ ಗೊತ್ತಾಯಿತು. "ಮನೇಗ್ ಬಂದು, ಉಂಡು, ಮಾತ್ ಕೊಟ್ಟವ್ರೆ ಕಣಮ್ಮ. ಉಂಡೋರ್ ಹತ್ರ ಬರುಸ್ಕಂಡಾರಾ?"

ನಮ್ಮ ಕಡೆ ಅದು ಹಾಗೇ. ಮನೆಗೆ ಬಂದು ಎಲೆಯ ಮುಂದೆ ಕೂತು ಉಂಡವನ ಮಾತಿಗೆ ಕಾಗದ ಕೇಳುವುದು ಅವನ ಎಲೆಗೆ ಮಣ್ಣು ಹಾಕಿದಂತೆ. ಅದನ್ನು ಮಾಲೀಕರು ಚೆನ್ನಾಗಿ ಬಲ್ಲರು, ಬಲ್ಲವರಾದ್ದರಿಂದಲೇ ಆಫೀಸಿನಲ್ಲಿ ಮಾತಾಡದೆ ಮನೆಗೆ ಹೋದರು. ಒಂದು ಚಿಪ್ಪು ಹೇಳಿದ ಮಾತನ್ನು ಎರಡು ತುದಿಯಲ್ಲಿ ಬರೆದು ಓದಿ ಪರೀಕ್ಷೆ ಮಾಡುತ್ತಿದ್ದ ಮನುಷ್ಯ, ಮಾಲೀಕ ಹೇಳಿದ ಮಾತನ್ನು ಹಾಗೇ ನುಂಗಿಬಿಟ್ಟರು. ನನಗೆ ಮಾಲೀಕರ ಮೇಲೆ ಎಷ್ಟು ಸಿಟ್ಟಿದೆಯೋ ಸಾರ್ ಮೇಲೂ ಅಷ್ಟೇ ಇದೆ. ಹೌದು, ಸತ್ತವರ ಮೇಲೆ. ಇದ್ದಾಗಲೂ ಮುಖದ ಮೇಲೆಯೇ ಹೇಳಿದ್ದೇನೆ.

ಪ್ರದರ್ಶನ ಮುಗಿಯಿತು. ಹೊಸ ಪರದೆಗೆ ಒಳ್ಳೆಯ ಹೆಸರು ಬಂತು. ನಾನು, ಸಾರ್ ಇಬ್ಬರಿಗೂ ಕರ್ನೆಲ್ ಕೋಡು ತೆರೆಯದ ಹಾಗೆ ಮ್ಯಾನೇಜರ್ ಬೀಗ ಹಾಕಿದ್ದ, ಬೇರೆ ಕೆಲಸ ಕೊಟ್ಟಿದ್ದ. "ಸಾರ್, ಬೀಗ ಯಾಕೆ ಹಾಕಿದ್ದಾರೆ? ಹೋಗಿ ಕೇಳಿ," ಎಂದೆ. ಅವರು ಮಾಲೀಕರನ್ನು ಕೇಳಿದರು. "ನಿಮ್ಮ ತಪಾಸಣೇನ ವಾಪಸ್ ಹಾಕಿಸ್ತಾ ಇದೀನಿ, ಅದಕ್ಕೇ ಮುಚ್ಚಿರೋದು," ಎಂದರಂತೆ. ಸಾರ್ ನನ್ನ ಹತ್ತಿರ ಬಂದು, "ಒಸಿ ತಡಿ, ಮಾತ್ ಕೊಟ್ಟವ್ರಲ್ಲ," ಎಂದರು. ಅಷ್ಟು ಹೊತ್ತಿಗೆ ಲಾರಿ ಹೊರಟಿತ್ತು. ತಪಾಸಣೆ ತೆಗೆದ ಡಬ್ಬಗಳು ಚನ್ನಪಟ್ಟಣಕ್ಕೆ ಹೋಗಿಯಾಗಿತ್ತು.

ಜಯಮ್ಮನ ರಾಟೆಗೆ ಎಳೆ ಸುತ್ತಿಕೊಂಡಿತು. ಆಕೆ ಸ್ಟಾಪ್ ಒತ್ತಿದಳು. ಪರದೆಯಲ್ಲಿ 'ನಿಂತಿದೆ' ಎಂದು ಬಂತು. ಕೈ ಹಾಕಿದಳು. ಎಳೆ ನೋಡುವ ಕಾರ್ಡು ಅವತ್ತು ತನಗೆ ಬಿಟ್ಟ ಜಾಗವನ್ನು ಪೂರ್ತಿ ಬಳಸಿತು, ಅದರ ಹಕ್ಕು ಅದು. ಸಕ್ರಮ ಮಾಡಿದ ಆ ಅರ್ಧದೊಳಗೇ ಡಬ್ಬ 'ಯಂತ್ರ ನಿಂತಿದೆ' ಎಂಬ ನೆನಪನ್ನು ಇಟ್ಟುಕೊಂಡಿತ್ತು. ಅದರ ಮೇಲೆ ಎಳೆಯ ಲೆಕ್ಕ ಬಂದು ಬಿತ್ತು. ನಿಂತಿದ್ದೇನೆ ಎಂಬುದನ್ನೇ ಡಬ್ಬ ಮರೆಯಿತು, ಮೋಟಾರು ತಿರುಗಿತು. ಬಲಗೈಯ ಎರಡು ಬೆರಳು ಹೋದವು. ಕಾಣದ ಎಳೆಯನ್ನು ಹಿಡಿಯುತ್ತಿದ್ದ ಬೆರಳುಗಳು ಅವೇ.

ಕಂಪನಿಯ ಉತ್ತರ ಆ ಸಂಜೆಯೊಳಗೇ ತಯಾರಾಯಿತು. ಓಡುವ ಯಂತ್ರಕ್ಕೆ ಕೈ ಹಾಕಿದಳು, ಆಕೆಯದೇ ನಿರ್ಲಕ್ಷ್ಯ. ಸಾರ್ ಯಾರಿಗೂ ಹೇಳದೆ ಘಟಕಕ್ಕೆ ಹೋಗಿ, ಅಲ್ಲಿನ ಮಾಲೀಕನ ಹತ್ತಿರ ಜಗಳವಾಡಿ, ಆ ಡಬ್ಬವನ್ನು ಕಿತ್ತುಕೊಂಡು ಶೆಡ್ಡಿಗೆ ತಂದರು. ಎಲ್ಲರೂ ಕೆಲಸ ಮಾಡುತ್ತಿದ್ದ ಹೊತ್ತು. ನಡುವಿನ ಮೇಜಿನ ಮೇಲಿಟ್ಟು, ತಮ್ಮ ಹಳೆಯ ಕರ್ನೆಲ್ ಇದ್ದ ಮೆಮೊರಿ ಕಾರ್ಡನ್ನು ಅದಕ್ಕೆ ತೂರಿಸಿ, ಸ್ವಿಚ್ ಹಾಕಿದರು. ಪಟ್ಟಿಯಲ್ಲಿ ಸಾಗುವಳಿ ಎಂದು ಬರೆದಿದ್ದ ಜಾಗವೂ ಎಳೆ ಕಾರ್ಡಿನ ಜಾಗವೂ ಒಂದರ ಮೇಲೊಂದು. ಡಬ್ಬ ಎದ್ದ ತಕ್ಷಣ ಕೆಂಪು ದೀಪ ಹಾಕಿಕೊಂಡು ನಿಂತಿತು. ಮತ್ತೆ ಆರಿಸಿ ಹಾಕಿದರು, ಮತ್ತೆ ಕೆಂಪು. "ನೋಡ್ರೋ," ಎಂದು ಕೂಗಿದರು. "ಎಲ್ಲಾರೂ ನೋಡ್ರೋ! ಇದು ಬೇಡ ಅಂತ ಹೇಳ್ತಿತ್ತು. ಇದರ ಬಾಯಿ ಮುಚ್ಚಿ ಕಳ್ಸವ್ರೆ!"

ಮಾಲೀಕರು ಬಂದು ವೈರ್ ಎಳೆದುಹಾಕಿದರು. "ಕರ್ನೆಲ್ ನಿಮ್ಮ ವಿಭಾಗದ್ದು ತಾನೆ? ಒಪ್ಪಿಕೊಂಡವರು ನೀವು ತಾನೆ? ನಾನು ಏನಾದ್ರೂ ಮಾತು ಕೊಟ್ಟಿದ್ದೆ ಅಂತ ಎಲ್ಲಾದ್ರೂ ಇದೆಯಾ?" ಎಂದರು. ಸಾರ್ ಹೆಗಲ ಮೇಲಿನ ಕರ್ಚೀಫು ತೆಗೆದರು, ಬಡಿಯದೆ ಮಡಚಿ ಜೇಬಿಗೆ ಇಟ್ಟುಕೊಂಡರು. ಅಂಥ ಬಾಯಿಯ ಮನುಷ್ಯ ಹಾಗೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮಾರನೇ ದಿನದಿಂದ ಗೇಟಿನಲ್ಲಿ ಅವರನ್ನು ಒಳಗೆ ಬಿಡಲಿಲ್ಲ.

ಆಮೇಲೆ ಅವರು ಮಾಡಿದ್ದು ಒಂದೇ ಕೆಲಸ. ಜಯಮ್ಮನಿಂದ ಕಾರ್ಮಿಕ ಅಧಿಕಾರಿಗೆ ದೂರು ಕೊಡಿಸಿ, ತಾವು ಸಾಕ್ಷಿ ನಿಲ್ಲುವುದು. ಅದಕ್ಕೆ ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಚನ್ನಪಟ್ಟಣದ ಅವಳ ಮನೆಗೆ ಹೋದರು. ಎದುರು ಮನೆಯ ಜಗಲಿಯಲ್ಲಿ ಯಾರೋ ಕಡೆಯುವ ಯಂತ್ರದಲ್ಲಿ ತಿರುಗುವ ಮರದ ಗೊಂಬೆಗೆ ಅರಗು ಹಿಡಿಯುತ್ತಿದ್ದರು, ಅದರ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ನಮಗಿಂತ ಮುಂಚೆ ಕಂಪನಿಯವರು ಹಣ್ಣು ಹಿಡಿದುಕೊಂಡು ಬಂದು ಹೋಗಿದ್ದರು. ಒಂದು ಸಲವಲ್ಲ, ಬೇಕಾದಷ್ಟು ಸಲ. ಬಂದಾಗಲೆಲ್ಲ ಬೆಣ್ಣೆಯಂಥ ದನಿಯಲ್ಲಿ ಹೇಳಿದ್ದಾರೆ, ಆತುರದಲ್ಲಿ ನೀನೇ ಕೈ ಹಾಕಿಬಿಟ್ಟೆ ಅಲ್ವೇನಮ್ಮ, ಇರಲಿ ಬಿಡು, ಆಗೋದು ಆಯ್ತು. ಘಟಕದವನೂ ಅದನ್ನೇ ಹೇಳಿದ್ದಾನೆ. ಗಂಡನೂ "ಕಣ್ ಎಲ್ಲಿಕ್ಕಂಡಿದ್ದೆ" ಎಂದು ದಿನಾ ಬೈಯುತ್ತಾನೆ.

ಸಾರ್ ಕೇಳಿದರು. "ತಾಯಿ, ಕೈ ಹಾಕ್ದಾಗ ಯಂತ್ರ ನಿಂತಿತ್ತಾ, ಓಡ್ತಿತ್ತಾ?"

ಜಯಮ್ಮ ಬಟ್ಟೆ ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಏನೋ ಸಾ. ನಾನೇ ಓಡೋದ್ರೊಳಗೆ ಹಾಕ್ಬುಟ್ನೋ ಏನೋ. ಎಲ್ಲಾರೂ ಹಂಗೇ ಅಂತಾರೆ. ಈಗ ನಂಗೂ ಹಂಗೇ ಅನ್ನುಸ್ತದೆ."

ಬೆರಳು ಹೋದದ್ದಕ್ಕಿಂತ ಇದು ದೊಡ್ಡ ಪಾಪ ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಒಂದು ಹೆಂಗಸಿನ ಕೈ ತೆಗೆದದ್ದು ಸಾಲದೆ, ಅವಳ ಕಣ್ಣು ಕಂಡದ್ದನ್ನೂ ಅವಳಿಂದ ಕಸಿದುಕೊಂಡಿದ್ದರು. ಥೂ, ಇವರ ಹಣ್ಣಿಗೆ ಬೆಂಕಿ ಹಾಕ!

ಸಾರ್ ಸಿಟ್ಟು ಮಾಡಿಕೊಂಡು ಎದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಆಕೆಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. "ಇಲ್ಲಿ ನೋಡ್ ತಾಯಿ. ನಿಂತಿವ್ನಿ ಅಂತ ಡಬ್ಬ ಒಂದ್ ಕಡೆ ಬರಕಂಡಿತ್ತು. ಆ ಜಾಗ ಬ್ಯಾರೆಯವ್ರುದ್ದು. ಅವ್ರು ಬಂದು ಅದುರ್ ಮ್ಯಾಲೆ ಉತ್ತುಬುಟ್ರು, ಇದು ಬರಕಂಡಿದ್ದು ಅಳುಸೋಯ್ತು. ಅದು ಆಗ್ದಂಗೆ ಒಬ್ಬ ಕಾವ್ಲುಗಾರನ್ನ ಇಕ್ಕಿದ್ದೆ, ಅವುನ್ನ ತಗ್ಯಕ್ಕೆ ನಾನೇ ಒಪ್ಕಂಡೆ. ನಾನ್ ಪೆದ್ದ. ನಿನ್ ತಪ್ಪು ಒಂದ್ ಕೂದಲೂ ಇಲ್ಲ." ಮತ್ತೆ ಹೇಳಿದರು. "ಅವ್ರ್ ಹೇಳಿದ್ದೂ ಬುಡು, ನಾನ್ ಹೇಳಿದ್ದೂ ಬುಡು. ನಾನ್ ಹೇಳ್ದೆ ಅಂತ ಹೇಳ್‌ಬ್ಯಾಡ. ನಿನ್ ಕಣ್ಗೆ ಏನ್ ಕಾಣ್ತು, ಕೂತ್ಕಂಡು ಗ್ಯಾನ ಮಾಡ್ಕೊ. ಗ್ಯಾನಕ್ ಬಂದಿದ್ನ ಮಾತ್ರ ಹೇಳು."

ಜಯಮ್ಮ ದೂರಿಗೆ ಎಡಗೈಯ ಹೆಬ್ಬೆಟ್ಟು ಒತ್ತಿದಳು, ಅಷ್ಟೇ.

ವಿಚಾರಣೆಗೆ ದಿನ ಗೊತ್ತಾಯಿತು. ಅದಕ್ಕೆ ಒಂದು ತಿಂಗಳಿರುವಾಗ ಸಾರ್ ಎದೆನೋವು ಎಂದು ಮಲಗಿದವರು ಏಳಲಿಲ್ಲ. ಎದೆ ಹಿಡಿಯುತ್ತಿದೆ ಎಂದು ಅವರ ಹೆಂಡತಿ ಹೇಳಿದಾಗಲೆಲ್ಲ "ಗ್ಯಾಸು" ಎಂದು ಬಾಯಿ ಮುಚ್ಚಿಸಿದ್ದರಂತೆ. ನೋಡಿ, ಎಲ್ಲವನ್ನೂ ಪರೀಕ್ಷೆ ಮಾಡುವವರು! ಕಂಪನಿಯವರು ಹಾರ, ಮೈಕು ತಂದದ್ದು ಆಗ. ಕೊನೇವರೆಗೂ ನಮ್ಮ ಯಂತ್ರದ ಮೇಲೆ ನಂಬಿಕೆ ಇತ್ತು ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಹೇಳಬೇಕಾದವನು ಸತ್ತ, ಇನ್ನು ಅವನ ಬಾಯಿಗೆ ಏನು ಬೇಕಾದರೂ ಹಾಕಬಹುದು ಎಂಬ ಧೈರ್ಯ.

ವಿಚಾರಣೆಗೆ ನಾನು ಹೋದೆ. ಹೋದರೆ ಕೆಲಸ ಇರುವುದಿಲ್ಲ ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದ. ಸಂತೋಷ ಅಂದೆ. ರಾಮನಗರದ ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ, ನಾಲ್ಕು ಕುರ್ಚಿ, ಗೋಡೆ ಹಿಡಿದು ನಿಂತ ನಾವು. ಕೆಂಪು ದೀಪ ಉರಿದದ್ದನ್ನು ನಾನು ಕಂಡ ಹಾಗೆ ಹೇಳಿದೆ. ಕಂಪನಿಯ ವಕೀಲರು ನಕ್ಕು, ಇವೆಲ್ಲ ಕಂಪ್ಯೂಟರ್ ಮಾತು ಸ್ವಾಮಿ, ಕೆಲಸ ಕಳೆದುಕೊಂಡವರ ಹೊಟ್ಟೆಕಿಚ್ಚು, ಅಸಲು ವಿಷಯ ಈ ಹೆಂಗಸನ್ನೇ ಕೇಳಿ ಎಂದರು. ಆಮೇಲೆ ಜಯಮ್ಮನ ಕಡೆ ತಿರುಗಿ ಅದೇ ಬೆಣ್ಣೆ ದನಿಯಲ್ಲಿ, "ಆತುರದಲ್ಲಿ ಓಡೋ ಯಂತ್ರಕ್ಕೆ ಕೈ ಹಾಕಿದ್ದೀರಿ ಅಲ್ವೇನಮ್ಮ? ಹಂಗಂತ ನೀವೇ ಮನೇಲಿ ಹೇಳಿದ್ದೀರಿ," ಎಂದರು.

ಜಯಮ್ಮ ಗಂಡನ ಮುಖ ನೋಡಿದಳು. ಮಾಲೀಕರ ಮುಖ ನೋಡಿದಳು. ಆಮೇಲೆ ಸೆರಗಿನೊಳಗಿಂದ ಆ ಕೈ ತೆಗೆದು, ಉಳಿದ ಬೆರಳುಗಳನ್ನು ಬಿಡಿಸಿ, ಅಧಿಕಾರಿಯ ಮೇಜಿನ ಮೇಲೆ ಇಟ್ಟಳು.

"ಹೇಳಿದ್ದೆ ಸಾ. ಎಲ್ಲಾರೂ ಹೇಳುದ್ರಲ್ಲ ಅಂತ ನಾನೂ ಹೇಳಿದ್ದೆ. ಆಮ್ಯಾಕೆ ದಿನಾ ಕೂತ್ಕಂಡು ಗ್ಯಾನ ಮಾಡ್ಕಂಡೆ. ಸ್ಟಾಪ್ ಒತ್ತುದ್ದೆ. ಅಕ್ಸರ ಬಂತು. ರಾಟೆ ಮ್ಯಾಲಿದ್ ಎಳೆ ಅಲ್ಲಾಡ್ತಿರ್ಲಿಲ್ಲ. ನಿಂತಿತ್ತು ಸಾ. ಯಾರ್ ಏನಾರ ಅನ್ಲಿ, ನಾ ಕೈ ಹಾಕ್ದಾಗ ನಿಂತಿತ್ತು."

ಅಧಿಕಾರಿ ತಲೆ ಎತ್ತದೆ ಬರೆದುಕೊಂಡರು. ವಕೀಲರು ಇನ್ನೊಂದು ಸಲ ಕೇಳಿದರು, ಬೇರೆ ಬೇರೆ ಥರ ಕೇಳಿದರು. ಪ್ರತಿ ಸಲವೂ ಆಕೆ ಅದೇ ಹೇಳಿದಳು. ನಿಂತಿತ್ತು.

ಅದನ್ನು ಕೇಳಿಸಿಕೊಳ್ಳುವುದಕ್ಕೆ ನೀವು ಇರಬೇಕಿತ್ತು ಸಾರ್. ಗ್ಯಾಸಂತೆ ಗ್ಯಾಸು! ಒಂದು ತಿಂಗಳು, ಬರೀ ಒಂದು ತಿಂಗಳು ತಡೆಯಲಿಕ್ಕೆ ನಿಮಗೇನಾಗಿತ್ತು?